ಎರಡು ಜಡೆಯ ಸುತ್ತೋಲೆ

ಡೊಂಬಿವಲಿ ಪೂರ್ವ
29 ಜೂನ್ 2025

ಚಿ. ತೃಷಾಳಿಗೆ ಸೋದರಮಾವ ಗುರುವಪ್ಪನ ಆಶೀರ್ವಾದಗಳು.

ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ನಿಲ್ಲುವುದಕ್ಕೆ ಕಾರಣ ನಾನು. ಈ ಸಂಗತಿಯನ್ನು ರೈಲ್ವೆಯವರು ಹೊರಗೆ ಬಿಡುವುದಿಲ್ಲ. ಹಿಂದೆ ಆ ಗಾಡಿಗಳು ಠಾಣೆ ಸ್ಟೇಷನ್ ಬಿಟ್ಟರೆ ನೇರ ಕಲ್ಯಾಣಕ್ಕೇ ಓಡುತ್ತಿದ್ದವು. ಒಂದು ಬೆಳಿಗ್ಗೆ ನಾನು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಮೀಸೆ ತಿರುವಿದೆ. ಮೋಟರ್‌ಮನ್ ನೋಡಿದ, ಬ್ರೇಕ್ ಒತ್ತಿದ. ಅಂದಿನಿಂದ ಅದೇ ಅಭ್ಯಾಸವಾಯಿತು.

ನಿನ್ನ ಪತ್ರ ತಲುಪಿತು. ತಿಂಗಳಿಗೊಂದಾದರೂ ನಿಜವಾದ ಪತ್ರ ಬರೆದು ಅಂಚೆಗೆ ಹಾಕಬೇಕು ಎಂದು ನಿಮ್ಮ ಕನ್ನಡ ಕ್ಲಾಸಿನ ಅಪರ್ಣಾ ಟೀಚರ್ ಹೋಂವರ್ಕ್ ಕೊಟ್ಟದ್ದು ಒಳ್ಳೆಯದೇ ಆಯಿತು. ನೆರೂಳಿನಲ್ಲಿ ಹುಟ್ಟಿದ ಹುಡುಗಿ ಇಷ್ಟು ಚಂದ ಕನ್ನಡ ಬರೆಯುತ್ತಾಳೆ ಎಂದು ಹೋಟೆಲಿನ ಗಲ್ಲಾದಲ್ಲಿ ಕೂತು ಎಲ್ಲರಿಗೂ ತೋರಿಸಿದೆ. ಹೆದರಬೇಡ, ಲಕೋಟೆ ಮಾತ್ರ ತೋರಿಸಿದ್ದು. ಒಳಗಿನ ವಿಷಯ ನಿನ್ನ ಅಮ್ಮನಿಗೂ ಹೇಳುವುದಿಲ್ಲ. ಇದು ಮಾತು.

ಈಗ ನಿನ್ನ ಪ್ರಾಜೆಕ್ಟಿಗೆ ಬರೋಣ. ಎಲ್ಲೂ ಬರೆದಿಡದ, ಆದರೂ ಎಲ್ಲರೂ ಪಾಲಿಸುವ ಒಂದು ನಿಯಮ ಹುಡುಕಿ, ಅದನ್ನು ಮುರಿದು, ಏನಾಗುತ್ತದೆ ನೋಡಿ ಎಂದು ನಿಮ್ಮ ಸೋಶಿಯಲ್ ಟೀಚರ್ ಹೇಳಿದ್ದಾರೆ. ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರೆಲ್ಲ ನೆತ್ತಿಯ ಮೇಲೆ ಒಂದೇ ಜುಟ್ಟು ಕಟ್ಟಿ, ಕಿವಿಯ ಪಕ್ಕ ಎರಡು ಎಳೆ ಇಳಿಬಿಡುತ್ತೀರಿ. ಶಾಲೆಯ ಡೈರಿಯಲ್ಲಿ ಹಾಗೆಂದು ಬರೆದಿಲ್ಲ. ಇಲ್ಲಿಯವರೆಗೆ ಸರಿ. ಆದರೆ ‘ಬೇರೆ ಬಣ್ಣದ ಕ್ಲಿಪ್ ಹಾಕಿದರೆ ಸಾಕಾ ಮಾವ?’ ಎಂದು ಕೇಳಿದ್ದೀಯಲ್ಲ, ಕ್ಲಿಪ್ಪಿಗೆ ಯಾರು ಹೆದರುತ್ತಾರೆ ಮಾರಾಯ್ತಿ!

ನಾನು ಹೇಳಿದಂತೆ ಮಾಡು. ತಲೆ ತುಂಬ ತೆಂಗಿನೆಣ್ಣೆ. ನಡುಬೈತಲೆ. ಎರಡು ಜಡೆ, ಅವನ್ನು ಮಡಚಿ ಮೇಲಕ್ಕೆ ಕಟ್ಟಿ, ಕಿವಿಯ ಹಿಂದೆ ಕೆಂಪು ರಿಬ್ಬನ್ನಿನ ಹೂವು. ನಿನ್ನ ಅಮ್ಮ ನಮ್ಮೂರು ಬೆಳ್ಮಣ್ಣಿನ ಶಾಲೆಗೆ ಹೋಗುತ್ತಿದ್ದ ಹಾಗೆ. ಹದಿನೈದು ದಿನ ಹೋಗು. ಮೊದಲು ನಗುತ್ತಾರೆ, ಆಮೇಲೆ ಕೇಳುತ್ತಾರೆ, ಕೊನೆಗೆ ಒಬ್ಬಳಾದರೂ ನಿನ್ನ ಹಾಗೆ ಮಾಡಿಕೊಂಡು ಬರುತ್ತಾಳೆ. ಬರದಿದ್ದರೆ ನಾನು ಮೀಸೆ ಬೋಳಿಸುತ್ತೇನೆ.

ನನಗೆ ಅನುಭವ ಉಂಟು. ಏಳನೇ ಕ್ಲಾಸಿನಲ್ಲಿ ಗುಂಡಿ ಬೆನ್ನಿಗೆ ಬರುವ ಹಾಗೆ ಅಂಗಿ ತಿರುಗಿಸಿ ಹಾಕಿ ಶಾಲೆಗೆ ಹೋದೆ. ಸೋಮವಾರ ನಾನೊಬ್ಬ. ಶುಕ್ರವಾರ ಇಡೀ ಶಾಲೆ. ಶನಿವಾರ ಹೆಡ್‌ಮಾಸ್ತರರು ಬೆನ್ನ ಗುಂಡಿ ಹಾಕಿಕೊಡಲಿಕ್ಕೆ ಜನ ಹುಡುಕುತ್ತಿದ್ದರು.

ನಲವತ್ತು ಜನರ ಹೋಟೆಲನ್ನು ಒಂದೇ ಕಣ್ಣಿನಲ್ಲಿ ನಡೆಸುವ
ನಿನ್ನ ಗುರುವಪ್ಪ ಮಾವ


ನೆರೂಳ
13 ಜುಲೈ 2025

ಪ್ರೀತಿಯ ಮಾವನಿಗೆ ತೃಷಾಳ ನಮಸ್ಕಾರ.

ನಿಮ್ಮ ಮಾತು ಕೇಳಿದೆ. ಒಂದು ವಾರ ಆಯಿತು.

‘ಎಣ್ಣೆ ಹಾಕಿ ಎರಡು ಜಡೆ ಹಾಕ್ತೀಯಾ ಅಮ್ಮ?’ ಎಂದಾಗ ಅಮ್ಮ ಗ್ಯಾಸ್ ಆರಿಸಿ ನನ್ನ ಹಣೆ ಮುಟ್ಟಿ ನೋಡಿದಳು. ‘ಜ್ವರ ಇಲ್ವಲ್ಲ’ ಎಂದಳು. ಆಮೇಲೆ ಒಳಗೆ ಹೋಗಿ ಒಂದು ಮರದ ಬಾಚಣಿಗೆ ತಂದಳು. ಅದು ನಮ್ಮ ಮನೆಯಲ್ಲಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಮಾವ, ಅಮ್ಮ ಬೆಳಿಗ್ಗೆ ವಾಶಿಯ ಆಫೀಸಿಗೆ ಓಡುವ ಗಡಿಬಿಡಿಯಲ್ಲಿ ನನ್ನ ಹತ್ತಿರ ‘ಡಬ್ಬಿ, ಬಾಟಲಿ, ಕೀಲಿಕೈ’ ಎಂದು ಬಿಟ್ಟರೆ ಬೇರೆ ಮಾತು ಆಡುತ್ತಿರಲಿಲ್ಲ. ಈಗ ಜಡೆ ಹೆಣೆಯುವಾಗ ಕಥೆ ಹೇಳುತ್ತಾಳೆ. ತುಳುವಿನಲ್ಲಿ ಏನೋ ಗುನುಗುತ್ತಾಳೆ. ಇದು ಪ್ರಾಜೆಕ್ಟ್ ಎಂದು ನಾನು ಹೇಳಲಿಲ್ಲ. ಹೇಳಲು ಆಗಲಿಲ್ಲ.

ಕ್ಲಾಸಿನೊಳಗೆ ಕಾಲಿಟ್ಟ ಕೂಡಲೇ ಹಿಂದಿನ ಬೆಂಚಿನಿಂದ ಅಭಿಜಿತ್ ‘ಅರೇ, ಚಂಪೂ ಆಯೀ!’ ಎಂದು ಕೂಗಿದ. ಎಣ್ಣೆತಲೆಯವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಯಾರೋ ನನ್ನ ಬೆಂಚಿನ ಮೇಲೆ ಟಿಶ್ಯೂ ಪೇಪರ್ ಹಾಸಿಟ್ಟಿದ್ದರು, ಎಣ್ಣೆ ಒರೆಸಿಕೊಳ್ಳಲು. ಸಂಜನಾ ಒಬ್ಬಳೇ ಎಂದಿನಂತೆ ಪಕ್ಕದಲ್ಲಿ ಕೂತಳು. ‘ನಿನ್ನ ತಲೆಯಿಂದ ಕೊಬ್ಬರಿ ಚಟ್ನಿ ವಾಸನೆ ಬರ್ತಿದೆ ಯಾರ್, ನಂಗೆ ಹಸಿವಾಗ್ತಿದೆ’ ಎಂದು ನಕ್ಕಳು. ಅವಳದು ಗುಂಗುರು ಕೂದಲು, ಕುತ್ತಿಗೆಯವರೆಗೂ ಬರುವುದಿಲ್ಲ. ಯಾವ ಜುಟ್ಟೂ ನಿಲ್ಲದ ಕಾರಣ ಅವಳು ಮೊದಲಿನಿಂದಲೂ ಹಾಗೆಯೇ ಬಿಟ್ಟುಕೊಂಡು ಬರುತ್ತಾಳೆ.

ಯಾರೂ ನನ್ನ ಹಾಗೆ ಮಾಡಿಕೊಂಡು ಬಂದಿಲ್ಲ. ಇನ್ನೊಂದು ವಾರ, ಆಮೇಲೆ ಬಿಟ್ಟುಬಿಡುತ್ತೇನೆ. ನಿಮ್ಮ ಮೀಸೆ ಜಾಗ್ರತೆ.

ನಿಮ್ಮ ತೃಷಾ


ಡೊಂಬಿವಲಿ ಪೂರ್ವ
17 ಜುಲೈ 2025

ಚಿ. ತೃಷಾಳಿಗೆ ಆಶೀರ್ವಾದಗಳು.

ಬಿಡಬಾರದು! ಈಗ ಬಿಟ್ಟರೆ ಆ ಚಂಪೂ ಎಂದವರು ಗೆದ್ದರು ಎಂದೇ ಅರ್ಥ. ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸುವಾಗ ಇಡೀ ಶಾಲೆ ಅಂಗಳದಲ್ಲಿ ಸೇರುತ್ತದಲ್ಲ, ಅಲ್ಲಿಯವರೆಗೆ ತಡೆದುಕೋ. ನಾಲ್ಕು ಜನ ನಕ್ಕರೆಂದು ತಲೆ ಬದಲಿಸುವುದು ನಮ್ಮ ಮನೆತನದಲ್ಲಿ ಇಲ್ಲ.

ನಿನ್ನ ಅಮ್ಮ ಮೊನ್ನೆ ಫೋನಿನಲ್ಲಿ ‘ಅಣ್ಣಾ, ಹುಡುಗಿ ನಮ್ಮ ಹಾಗೇ ಆಗ್ತಾ ಇದ್ದಾಳೆ’ ಎಂದು ಕಾಲು ಗಂಟೆ ಮಾತಾಡಿದಳು. ನಗು ತಡೆದುಕೊಳ್ಳುವುದೇ ನನಗೆ ಕಷ್ಟವಾಯಿತು.

ಇಲ್ಲಿ ನಮ್ಮ ಧಣಿಗಳು ಹೋಟೆಲನ್ನು ಹೊಸದು ಮಾಡುತ್ತಿದ್ದಾರೆ. ಗಾಜಿನ ಬಾಗಿಲು, ಎಸಿ. ಎಲ್ಲ ನನ್ನದೇ ಸಲಹೆ. ಮೀಸೆಯ ಚಿಂತೆ ನಿನಗೆ ಬೇಡ. ಅದು ಎಷ್ಟು ಬೆಳೆದಿದೆ ಎಂದರೆ ಊಟ ಮಾಡುವಾಗ ಎರಡು ಕಡೆಯಲ್ಲೂ ಕಿವಿಗೆ ಸಿಕ್ಕಿಸಿಕೊಳ್ಳಬೇಕು.

ಯಾರಿಗೂ ಬಗ್ಗದ
ಗುರುವಪ್ಪ ಮಾವ


ನೆರೂಳ
24 ಆಗಸ್ಟ್ 2025

ಮಾವ,

ಎಲ್ಲ ತಲೆಕೆಳಗಾಗಿದೆ.

ಬಾವುಟ ಹಾರಿಸಲು ಟ್ರಸ್ಟಿಯವರ ಅಮ್ಮ ಬಂದಿದ್ದರು, ತುಂಬಾ ವಯಸ್ಸಾದವರು. ಸಾಲಿನ ಮುಂದೆ ನಿಧಾನ ನಡೆಯುತ್ತಾ ನನ್ನೆದುರು ನಿಂತರು. ಎರಡೂ ಜಡೆ ಹಿಡಿದು ನೋಡಿದರು. ಮರಾಠಿಯಲ್ಲಿ ‘ನಮ್ಮ ಕಾಲದ ಹುಡುಗಿ ಇನ್ನೂ ಒಬ್ಬಳು ಉಳಿದಿದ್ದಾಳೆ’ ಎಂದು ಕಣ್ಣೊರೆಸಿಕೊಂಡರು. ಫೋಟೋ ತೆಗೆದರು. ಪ್ರಿನ್ಸಿಪಾಲ್ ಮೇಡಂ ನನ್ನನ್ನು ವೇದಿಕೆಗೆ ಕರೆದು ಎಲ್ಲರಿಗೂ ತಿರುಗಿಸಿ ತೋರಿಸಿದರು.

ಮರುವಾರ ಸುತ್ತೋಲೆ ಬಂತು. ಐದನೇ ಕ್ಲಾಸಿನಿಂದ ಮೇಲೆ ಎಲ್ಲ ಹುಡುಗಿಯರೂ ಎಣ್ಣೆ ಹಾಕಿ ಎರಡು ಜಡೆ ಮಡಚಿ ಕಟ್ಟಬೇಕು, ಕೆಂಪು ಸ್ಯಾಟಿನ್ ರಿಬ್ಬನ್. ಕೆಳಗೆ ಮಾದರಿ ಎಂದು ನನ್ನ ಫೋಟೋ ಇದೆ. ಅದನ್ನು ಪ್ರತಿ ಕ್ಲಾಸಿನ ಬೋರ್ಡಿಗೂ ಅಂಟಿಸಿದ್ದಾರೆ.

ಇಡೀ ಶಾಲೆಯೇ ನನ್ನ ಹಾಗೆ ಜಡೆ ಹಾಕಿದೆ, ನೀವು ಗೆದ್ದಿರಿ. ಯಾರೂ ನನ್ನ ಹತ್ತಿರ ಮಾತಾಡುವುದಿಲ್ಲ.

ತೃಷಾ


ಡೊಂಬಿವಲಿ ಪೂರ್ವ
31 ಆಗಸ್ಟ್ 2025

ಚಿ. ತೃಷಾಳಿಗೆ ಆಶೀರ್ವಾದಗಳು.

ಇದರಲ್ಲಿ ಅಳುವುದು ಎಂತದ್ದು? ನವಿ ಮುಂಬಯಿಯಲ್ಲಿ ಯಾವ ಹುಡುಗಿಯ ತಲೆ ಸುತ್ತೋಲೆಯಲ್ಲಿ ಬಂದಿದೆ ಹೇಳು. ಹುಡುಗಿಯರ ಸಿಟ್ಟು ಎಂಟು ದಿನದ್ದು. ಅಭ್ಯಾಸವಾದ ಮೇಲೆ ನಿನ್ನನ್ನೇ ಹೊಗಳುತ್ತಾರೆ.

ಒಂದು ವಿಷಯ ಕೇಳುವುದಿತ್ತು. ಐದನೆಯಿಂದ ಮೇಲೆ ಎಂದೆಯಲ್ಲ, ಒಟ್ಟು ಹುಡುಗಿಯರು ಎಷ್ಟಾಗಬಹುದು? ರಿಬ್ಬನ್ನಿನ ಅಗಲ ಒಂದು ಇಂಚಾ, ಮುಕ್ಕಾಲಾ? ಮತ್ತೆ ಶಾಲೆಯ ಗೇಟಿನೆದುರಿನ ಸ್ಟೇಷನರಿ ಅಂಗಡಿ ಯಾರದ್ದು? ಸುಮ್ಮನೆ ಕೇಳಿದೆ. ಲೋಕಜ್ಞಾನ ಇರಬೇಕಲ್ಲ.

ಗುರುವಪ್ಪ ಮಾವ


ನೆರೂಳ
28 ಸೆಪ್ಟೆಂಬರ್ 2025

ಮಾವ,

ಎಂಟು ದಿನ ಕಳೆದು ತಿಂಗಳಾಯಿತು. ಸಿಟ್ಟು ಹೋಗಲಿಲ್ಲ.

ನನ್ನ ಹೆಸರು ಈಗ ಸರ್ಕ್ಯುಲರ್. ‘ಏ ಸರ್ಕ್ಯುಲರ್, ನಾಳೆಯಿಂದ ಏನು ಹಾಕ್ಕೊಂಡು ಬರೋಣ?’ ಎಂದು ಕೇಳುತ್ತಾರೆ. ಬೋರ್ಡಿನ ಮೇಲಿನ ನನ್ನ ಫೋಟೋಗೆ ಯಾರೋ ಕೊಂಬು ಬರೆದಿದ್ದಾರೆ. ಆ ಫೋಟೋ ಎದುರಿಗೇ ಕೂತು ಪಾಠ ಕೇಳಬೇಕು.

ಸಂಜನಾಳ ಕೂದಲಿಗೆ ಜಡೆ ಬರುವುದಿಲ್ಲ ಎಂದು ಹೇಳಿದ್ದೆನಲ್ಲ. ಎರಡು ಪುಟ್ಟ ಗಂಟು ಹಾಕಿ ರಿಬ್ಬನ್ ಸುತ್ತುತ್ತಾಳೆ, ಎರಡನೇ ಪೀರಿಯಡ್‌ಗೆ ಜಾರಿ ಬೀಳುತ್ತದೆ. ಡೈರಿಯಲ್ಲಿ ರಿಮಾರ್ಕ್. ರಿಮಾರ್ಕ್ ಹೆಚ್ಚಾದರೆ ಕ್ಲಾಸಿನ ಹೊರಗೆ ನಿಲ್ಲಿಸುತ್ತಾರೆ. ಮೊನ್ನೆ ಅವಳು ಹೊರಗೆ ನಿಂತು ಬಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕಿಟಕಿಯಿಂದ ನನ್ನನ್ನು ನೋಡಿದಳು. ಮರುದಿನ ಬೇರೆ ಬೆಂಚಿಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮನೆಯಲ್ಲಿ ಅಮ್ಮ ಪೇರೆಂಟ್ಸ್ ಮೀಟಿಂಗಿಗೆ ಹೋಗಿ ಪ್ರಿನ್ಸಿಪಾಲರ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಬಂದಿದ್ದಾಳೆ. ಬೆಳಿಗ್ಗೆ ನನಗಿಂತ ಮೊದಲೇ ಎಣ್ಣೆ ಬೆಚ್ಚಗೆ ಮಾಡಿ ಕಾಯುತ್ತಾಳೆ. ಅವಳ ಎರಡು ಮೊಣಕಾಲಿನ ನಡುವೆ ಕೂತಾಗ ನನಗೆ ಉಸಿರು ಕಟ್ಟುತ್ತದೆ. ಆದರೂ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ. ಎರಡೂ ನಿಜ.

ಏನಾದರೂ ಮಾಡಿ ಮಾವ. ನಿಮಗೆ ಎಲ್ಲ ಬರುತ್ತದಲ್ಲ.

ತೃಷಾ


ಡೊಂಬಿವಲಿ ಪೂರ್ವ
12 ಅಕ್ಟೋಬರ್ 2025

ಚಿ. ತೃಷಾಳಿಗೆ ಆಶೀರ್ವಾದಗಳು.

ನೀನು ಹೇಳಿದ್ದು ಮನಸ್ಸಿಗೆ ಬಂತು. ಮಾಡೋಣ. ಆದರೆ ದೊಡ್ಡವರ ಮಾತನ್ನು ಒಮ್ಮೆಲೇ ತೆಗೆಸುವುದು ಕಷ್ಟ. ದೀಪಾವಳಿ ಕಳೆಯಲಿ. ರಜೆ ಮುಗಿದು ಶಾಲೆ ಶುರುವಾಗುವಾಗ ಎಲ್ಲರೂ ಹೊಸ ರಿಬ್ಬನ್ ತೆಗೆದುಕೊಳ್ಳುತ್ತಾರೆ, ಅದೊಂದು ಆಗಲಿ. ಆಮೇಲೆ ನೋಡುವ.

ಸಂಜನಾಳಿಗೆ ಹೇಳು, ಗಂಟಿನ ಒಳಗೆ ಒಂದು ಹೇರ್‌ಪಿನ್ ಸಿಕ್ಕಿಸಿದರೆ ಜಾರುವುದಿಲ್ಲ.

ಗುರುವಪ್ಪ ಮಾವ


ನೆರೂಳ
9 ನವೆಂಬರ್ 2025

ಮಾವ,

ಹೋದ ವಾರ ನಾನೇ ಪ್ರಿನ್ಸಿಪಾಲರ ಹತ್ತಿರ ಹೋದೆ. ಅದು ಪ್ರಾಜೆಕ್ಟ್ ಆಗಿತ್ತು, ಎಲ್ಲರನ್ನೂ ಪರೀಕ್ಷೆ ಮಾಡಲು ಹಾಕಿದ ವೇಷ ಎಂದೆ. ಸೋಶಿಯಲ್ ಟೀಚರನ್ನು ಕೇಳಿ ಎಂದೆ; ಪ್ರಾಜೆಕ್ಟ್ ಕೊಟ್ಟದ್ದು ಅವರಿಗೆ ಗೊತ್ತು, ನೀನು ಜಡೆ ಹಾಕಿದ್ದು ಅದಕ್ಕೇ ಎಂದು ಹೇಗೆ ಗೊತ್ತು ಎಂದರು, ನಂಬಲಿಲ್ಲ. ‘ನಿನ್ನ ಅಮ್ಮ ಕಣ್ಣೀರು ಹಾಕಿದ್ದನ್ನು ನಾನೇ ನೋಡಿದ್ದೇನೆ. ಹುಡುಗಿಯರು ನಿನ್ನನ್ನು ಹೆದರಿಸಿ ಹೀಗೆ ಹೇಳಿಸುತ್ತಿದ್ದಾರೆ. ನಿಜವಾಗಿದ್ದರೆ ಮನೆಯ ಹಿರಿಯರು ಬಂದು ಹೇಳಲಿ’ ಎಂದರು. ಅಮ್ಮನನ್ನು ಕರೆದುಕೊಂಡು ಹೋಗಿ ಏನೆಂದು ಹೇಳಿಸಲಿ?

ಹೊರಗೆ ಬಂದವಳು ಗೇಟಿನೆದುರು ಲತೀಶನ ಸ್ಟೇಷನರಿ ಅಂಗಡಿಗೆ ಹೋದೆ. ಸಂಜನಾಳಿಗೆ ಜಾರದ ರಿಬ್ಬನ್ ಸಿಗುತ್ತದಾ ಎಂದು ಕೇಳಿದೆ.

‘ನನ್ನ ಹತ್ತಿರ ಇದೊಂದೇ ಮಾಲು’ ಎಂದ. ‘ಡೊಂಬಿವಲಿಯಿಂದ ಒಬ್ಬ ಅಂಕಲ್ ತಂದು ಹಾಕ್ತಾರೆ. ಭಾರೀ ಬಾಯಿ. ಅಲ್ಲಿ ಫಾಸ್ಟ್ ಲೋಕಲ್ ನಿಲ್ಲೋದೇ ಅವರಿಂದ ಅಂತೆ!’

‘ದೊಡ್ಡ ಮೀಸೆಯವರಾ?’ ಎಂದೆ.

‘ಮೀಸೆಯಾ? ಇಲ್ಲಪ್ಪ, ಮುಖ ನುಣ್ಣಗಿದೆ.’

ಅವರು ನೀವೇ ಅಲ್ಲವಾ ಮಾವ?

ತೃಷಾ


ಡೊಂಬಿವಲಿ ಪೂರ್ವ
16 ನವೆಂಬರ್ 2025

ತೃಷಾ,

ಹೌದು.

ಶನಿವಾರ ಬರುತ್ತೇನೆ. ಠಾಣೆಯಲ್ಲಿ ಗಾಡಿ ಬದಲಿಸಿ ಹತ್ತು ಗಂಟೆಗೆ ನೆರೂಳ ಸ್ಟೇಷನ್ನಿನಲ್ಲಿ ಇರುತ್ತೇನೆ. ಅಮ್ಮನಿಗೆ ಹೇಳಬೇಡ. ಶಾಲೆಗೆ ಹೋಗುವ.

ಗುರುವಪ್ಪ


ನೆರೂಳ
30 ನವೆಂಬರ್ 2025

ಮಾವ,

ನೀವು ಹೋದ ಮೇಲಿನ ಸುದ್ದಿ. ಸೋಮವಾರ ಹೊಸ ಸುತ್ತೋಲೆ ಓದಿದರು: ಕೂದಲು ಶುಚಿಯಾಗಿದ್ದರೆ ಸಾಕು. ಬೋರ್ಡಿನ ಫೋಟೋ ತೆಗೆದರು, ಅಂಟಿನ ನಾಲ್ಕು ಕಲೆ ಮಾತ್ರ ಉಳಿದಿದೆ. ಮಂಗಳವಾರ ಎಲ್ಲರೂ ಬಂದದ್ದು ಹೇಗೆ ಗೊತ್ತಾ? ನೆತ್ತಿಯ ಮೇಲೆ ಒಂದು ಜುಟ್ಟು, ಕಿವಿಯ ಪಕ್ಕ ಎರಡು ಎಳೆ. ಒಬ್ಬಳೂ ಬಿಟ್ಟುಹೋಗಿಲ್ಲ. ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ಅದನ್ನೇ ಬರೆದೆ.

ಸಂಜನಾ ಮಾತ್ರ ಮೊದಲಿನ ಹಾಗೆ ಗುಂಗುರು ಕೂದಲು ಬಿಟ್ಟುಕೊಂಡು ಬಂದಳು. ಗುರುವಾರ ನನ್ನ ಬೆಂಚಿಗೆ ಬಂದು ಕೂತು, ಡಬ್ಬಿ ತೆರೆದು ನನ್ನ ಕಡೆ ತಳ್ಳಿದಳು. ಪೋಹಾ ಇತ್ತು. ತಿಂದೆ.

ಆದರೆ ಇಡೀ ಶಾಲೆಯಲ್ಲಿ ಈಗ ಎರಡು ಜಡೆ ಇರುವುದು ನನಗೆ ಮಾತ್ರ. ಅಮ್ಮ ಇನ್ನೂ ಎಣ್ಣೆ ಬೆಚ್ಚಗೆ ಮಾಡಿ ಕಾಯುತ್ತಾಳೆ. ಸುತ್ತೋಲೆ ಹೋಯಿತು ಎಂದರೆ ‘ಹೋದರೆ ಹೋಗಲಿ, ನೀನು ಅವರಿಗಾಗಿ ಹಾಕಿಕೊಂಡದ್ದಲ್ಲವಲ್ಲ’ ಎನ್ನುತ್ತಾಳೆ. ಎಲ್ಲರಿಗೂ ಬಿಡುಗಡೆಯಾಯಿತು, ನನಗೆ ಆಗಲಿಲ್ಲ. ಬೇಡ ಎಂದರೆ ಇಷ್ಟು ದಿನದ್ದೂ ಸುಳ್ಳು ಎಂದಾಗುತ್ತದೆ. ಅಷ್ಟೂ ಸುಳ್ಳಾಗಿರಲಿಲ್ಲ ಮಾವ.

ಅಮ್ಮನಿಗೆ ಹೇಳುವುದಿಲ್ಲ ಎಂದು ಜೂನಿನಲ್ಲಿ ಮಾತು ಕೊಟ್ಟಿದ್ದಿರಲ್ಲ, ಆ ಮಾತು ನಿಮಗೆ ವಾಪಸ್.

ಇನ್ನೊಂದು. ಪಣದಲ್ಲಿ ನೀವು ಸೋತಿರಲಿಲ್ಲ. ಮತ್ತೆ ಮೀಸೆ ಯಾಕೆ ಬೋಳಿಸಿದಿರಿ?

ತೃಷಾ


ಡೊಂಬಿವಲಿ ಪೂರ್ವ
7 ಡಿಸೆಂಬರ್ 2025

ತಂಗಿ ನಳಿನಾಕ್ಷಿಗೆ ಅಣ್ಣ ಗುರುವಪ್ಪನ ಆಶೀರ್ವಾದಗಳು.

ಫೋನು ಇರುವಾಗ ಅಣ್ಣ ಪತ್ರ ಯಾಕೆ ಬರೆದ ಎಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನನ್ನ ಬಾಯಿಗೆ ಸುಳ್ಳು ಬೇಗ ಬರುತ್ತದೆ. ಬರೆಯುವಾಗ ಕೈ ನಿಧಾನ, ಅಷ್ಟರಲ್ಲಿ ನಾಚಿಕೆ ಬಂದುಬಿಡುತ್ತದೆ.

ತೃಷಾ ಎರಡು ಜಡೆ ಹಾಕಿಕೊಂಡದ್ದು ಊರಿನ ಮೇಲಿನ ಆಸೆಯಿಂದ ಅಲ್ಲ. ಬೇರೆ ಥರ ಕಾಣಿಸಿಕೊಂಡರೆ ಜನ ಏನು ಮಾಡುತ್ತಾರೆ ಎಂದು ನೋಡುವ ಶಾಲೆಯ ಪ್ರಾಜೆಕ್ಟ್ ಅದು. ಜಡೆಯ ಉಪಾಯ ನನ್ನದು. ಹದಿನೈದು ದಿನಕ್ಕೆ ಬಿಡುತ್ತೇನೆ ಎಂದವಳನ್ನು ಮುಂದುವರಿಸಿದ್ದೂ ನಾನೇ. ಆಮೇಲೆ ಶಾಲೆಯವರು ಅದನ್ನೇ ಕಾನೂನು ಮಾಡಿದರು, ಹುಡುಗಿಯರೆಲ್ಲ ಇವಳನ್ನು ದೂರ ಮಾಡಿದರು. ಅವಳು ಬಿಡಿಸಿ ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಉಲ್ಲಾಸನಗರದಿಂದ ಕೆಂಪು ರಿಬ್ಬನ್ನಿನ ಸುರುಳಿ ಹೊತ್ತು ತಂದು ಅದೇ ಶಾಲೆಯ ಗೇಟಿನೆದುರಿನ ಅಂಗಡಿಗೆ ಹಾಕುತ್ತಿದ್ದೆ. ಆ ಹುಡುಗಿ ಅಳುತ್ತಾ ಬರೆದ ಪತ್ರದಲ್ಲಿ ನಾನು ಗಿರಾಕಿ ಎಣಿಸಿದೆ.

ಕಳೆದ ತಿಂಗಳು ಶಾಲೆಗೆ ಹೋಗಿದ್ದೆ. ಸ್ಟೇಷನ್ನಿನಲ್ಲಿ ತೃಷಾ ನನ್ನನ್ನು ದಾಟಿ ಮುಂದೆ ಹೋದಳು, ಗುರುತೇ ಸಿಗಲಿಲ್ಲ. ‘ಮಗಳೇ’ ಎಂದ ಮೇಲೆ ತಿರುಗಿದಳು. ನನ್ನ ಮೂತಿ ನೋಡಿದಳು, ಏನೂ ಕೇಳಲಿಲ್ಲ.

ಪ್ರಿನ್ಸಿಪಾಲ್ ಮೇಡಂ ನನ್ನ ಮಾತನ್ನೂ ಮೊದಲು ನಂಬಲಿಲ್ಲ. ‘ಮಾಮಾಜೀ, ಹುಡುಗಿಯನ್ನು ಉಳಿಸಲು ಬಂದಿದ್ದೀರಿ, ನನಗೆ ಅರ್ಥವಾಗುತ್ತದೆ’ ಎಂದರು.

ನಾನು ಚೀಲದಿಂದ ರಿಬ್ಬನ್ನಿನ ಸುರುಳಿ ತೆಗೆದು ಮೇಜಿನ ಮೇಲೆ ಇಟ್ಟೆ. ‘ಮೇಡಂ, ನಿಮ್ಮ ಗೇಟಿನ ಅಂಗಡಿಗೆ ಈ ಮಾಲು ಹಾಕುವವನು ನಾನೇ. ರೂಲು ಇದ್ದರೆ ನನಗೆ ಲಾಭ, ಹೋದರೆ ನಾನು ಮುಳುಗಿದೆ. ಆದರೂ ತೆಗೀರಿ ಅಂತಿದ್ದೇನೆ. ಇನ್ನು ನಂಬುವುದು ಬಿಡುವುದು ನಿಮ್ಮಿಷ್ಟ.’

ಅವರು ಆ ಸುರುಳಿ ಕೈಗೆತ್ತಿಕೊಂಡರು. ‘ನಿಮಗೆ ಎಷ್ಟು ನಷ್ಟವಾಗುತ್ತದೆ?’ ಎಂದರು.

‘ಎರಡು ಲಕ್ಷ’ ಎಂದೆ. ಅವರು ನನ್ನ ಚಪ್ಪಲಿ ನೋಡಿ ಮುಂದೆ ಕೇಳಲಿಲ್ಲ.

ಮೀಸೆ ಯಾಕೆ ತೆಗೆದಿರಿ ಎಂದು ತೃಷಾ ಕೇಳಿದ್ದಾಳೆ. ನೀನೇ ಹೇಳು ಅವಳಿಗೆ. ಗಾಜಿನ ಬಾಗಿಲು ಹಾಕಿದ ಮೇಲೆ ಧಣಿಗಳು ಸಪ್ಲಾಯರ್‌ಗಳೆಲ್ಲ ಮೀಸೆ ತೆಗೆದು ತಲೆಗೆ ಟೋಪಿ ಹಾಕಬೇಕು ಎಂದರು. ಹೌದು, ನಾನು ಸಪ್ಲಾಯರ್. ಗಲ್ಲಾದಲ್ಲಿ ಕೂರುವುದು ಧಣಿಗಳ ಅಳಿಯ. ನಾಳೆ ತೆಗೆಯುತ್ತೇನೆ ಎಂದು ಕೂಡ ನಾನು ಹೇಳಲಿಲ್ಲ, ಅವತ್ತೇ ತೆಗೆದೆ. ಕೆಲಸ ಬೇಕಲ್ಲ. ಅದೇ ಸಂಜೆ ಕೂತು ಅವಳಿಗೆ, ನಾಲ್ಕು ಜನ ನಕ್ಕರೆಂದು ತಲೆ ಬದಲಿಸುವುದು ನಮ್ಮ ಮನೆತನದಲ್ಲಿ ಇಲ್ಲ ಎಂದು ಬರೆದೆ. ಬೆಳ್ಮಣ್ಣಿನ ಅಂಗಿಯ ಕಥೆಯೂ ಹಾಗೆಯೇ. ಗುಂಡಿ ಬೆನ್ನಿಗೆ ಹಾಕಿ ಹೋದದ್ದು ನಿಜ. ಬಿಸಿಲಲ್ಲಿ ನಿಲ್ಲಿಸಿದರು. ಯಾರೂ ನನ್ನ ಹಾಗೆ ಹಾಕಲಿಲ್ಲ.

ಒಂದು ಮಾತು ಮಾತ್ರ ಸುಳ್ಳಲ್ಲ. ನಮ್ಮ ಅಮ್ಮ ಬೀಡಿ ಕಟ್ಟುವುದಕ್ಕೆ ಬೆಳಿಗ್ಗೆಯೇ ಕೂರುತ್ತಿದ್ದಳು, ನಿನ್ನ ಜಡೆ ಹಾಕುತ್ತಿದ್ದುದು ನಾನು. ಒಂದು ದಪ್ಪ, ಒಂದು ಸಪೂರ. ದಾರಿಯಲ್ಲಿ ನಿನ್ನ ಗೆಳತಿಯರು ನಗುತ್ತಿದ್ದರು, ನೀನು ಬಿಚ್ಚುತ್ತಿರಲಿಲ್ಲ. ತೃಷಾ ಉಪಾಯ ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಅದು. ನೀನು ನನ್ನ ಜಡೆ ಬಿಚ್ಚದೆ ಹೋದ ಹಾಗೆಯೇ ಅವಳೂ ನಿನ್ನದನ್ನು ಬಿಚ್ಚಲಾರದೆ ಕೂತಿದ್ದಾಳೆ. ನೀನೇ ಬಿಚ್ಚಿಬಿಡು. ಆಮೇಲೂ ಬೆಳಿಗ್ಗೆ ಸ್ವಲ್ಪ ಹೊತ್ತು ಅವಳನ್ನು ಹತ್ತಿರ ಕೂರಿಸಿಕೋ. ಜಡೆ ಹಾಕಬೇಕೆಂದೇನೂ ಇಲ್ಲ.

ಉಳಿದ ರಿಬ್ಬನ್ನಿನಲ್ಲಿ ಈಗ ನಮ್ಮ ಹೋಟೆಲಿನ ಸಾಂಬಾರ್ ಪಾರ್ಸೆಲ್ ಕಟ್ಟುತ್ತಿದ್ದೇವೆ. ಯಾರ ಮದುವೆ ಎಂದು ಗಿರಾಕಿಗಳು ಕೇಳುತ್ತಾರೆ.

ದೀಪಾವಳಿಗೆ ಫೋನು ಮಾಡಿದಾಗ ವ್ಯಾಪಾರದಲ್ಲಿ ಲಕ್ಷಗಟ್ಟಲೆ ಹಾಕಿದ್ದೇನೆ ಎಂದು ನಿನಗೆ ಹೇಳಿದ್ದೆ. ಅಂಗಡಿಯ ಲತೀಶನ ಹತ್ತಿರ ನನ್ನದು ಐವತ್ತು ಸಾವಿರ ಹೋಯಿತು ಎಂದೆ. ಎರಡು ಲಕ್ಷ ಕಳೆದುಕೊಂಡವನಿಗೆ ಜನ ಕುರ್ಚಿ ಕೊಡುತ್ತಾರೆ ನಳಿನಾ, ಅದಕ್ಕೆ. ನಿಜವಾಗಿ ಹೋದದ್ದು ಒಂಬತ್ತು ಸಾವಿರದ ಇನ್ನೂರ ನಲವತ್ತು ರೂಪಾಯಿ. ನನ್ನ ಹತ್ತಿರ ಇದ್ದದ್ದೇ ಅಷ್ಟು.

ನಿನ್ನ ಅಣ್ಣ
ಗುರುವಪ್ಪ